ಜ್ವಾಲೆ ಹೋಗುವುದು ಕೆಳಗೆ, ಸುಡುವುದು ತಳದ ವೈರ್! ಯಾಕೆ?

ಬೆಂಕಿಪೊಟ್ಟಣ:
ನಮ್ಮದು ನಾಲ್ಕು ಎಂಜಿನ್‌ಗಳ ಸಣ್ಣ ಲ್ಯಾಂಡರ್. ಮೀಥೇನ್ ಮತ್ತು ದ್ರವ ಆಮ್ಲಜನಕ. ಕ್ರೇನ್‌ಗೆ ತೂಗುಹಾಕಿ ಟೆಸ್ಟ್ ಮಾಡುತ್ತೇವೆ. ಎತ್ತರದಲ್ಲಿದ್ದಾಗ ಏನೂ ತೊಂದರೆ ಇಲ್ಲ. ನೆಲದ ಹತ್ತಿರ ತಂದು ನಿಲ್ಲಿಸಿದರೆ ಮಾತ್ರ ತಳದ ನಟ್ಟನಡುವೆ ಹೋಗುವ ವೈರ್‌ಗಳ ಹೊದಿಕೆ ಕರಗಿ ಕನೆಕ್ಟರ್‌ಗೆ ಅಂಟಿಕೊಳ್ಳುತ್ತದೆ. ತಮಾಷೆ ಅಂದ್ರೆ ನಾಜಲ್ (ಜ್ವಾಲೆ ಹೊರಬರುವ ಬಾಯಿ) ಪಕ್ಕದ ವೈರ್‌ಗಳಿಗೆ ಏನೂ ಆಗಿಲ್ಲ. ಸುಮ್ನೆ ಇನ್ನೊಂದು ಪದರ ಬಿಸಿ ತಡೆಯುವ ಸಿಲಿಕಾ ಬಟ್ಟೆ ಸುತ್ತಿದರೆ ಸಾಕಾ?

ನಳಿಕೆ:
ನಾಲ್ಕು ಎಂಜಿನ್ ಅಂದಮೇಲೆ ಇದು ಆಗಲೇಬೇಕು. ಪ್ರತಿ ಜ್ವಾಲೆಯೂ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ, ಒಳಗಡೆ ಬಂದ ನಾಲ್ಕೂ ಹರಿವುಗಳು ನಡುವೆ ಡಿಕ್ಕಿ ಹೊಡೆದು, ಬೇರೆ ದಾರಿ ಇಲ್ಲದೆ ಕಾರಂಜಿಯ ಹಾಗೆ ಮೇಲಕ್ಕೆ ಚಿಮ್ಮಿ ನೇರವಾಗಿ ನಿಮ್ಮ ತಳಕ್ಕೇ ಬಡಿಯುತ್ತವೆ. ಸಾಲದ್ದಕ್ಕೆ, ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇಂಧನ ಸ್ವಲ್ಪ ಜಾಸ್ತಿ ಇರುತ್ತದೆ. ಉರಿಯದೆ ಉಳಿದದ್ದು ಹೊರಗೆ ಗಾಳಿ ಸಿಕ್ಕ ಕೂಡಲೇ ಮತ್ತೆ ಹತ್ತಿಕೊಳ್ಳುತ್ತದೆ. ಬಟ್ಟೆ ಆಮೇಲೆ ಸುತ್ತಿ, ಮೊದಲು ವೈರ್‌ಗಳನ್ನು ನಡುವಿನಿಂದ ತೆಗೆಯಿರಿ. ಚಂದ್ರನ ಮೇಲೆ ಗಾಳಿಯೇ ಇಲ್ಲ, ಅಲ್ಲಿ ಈ ಕಾಟ ಇರುವುದಿಲ್ಲ.

ಶೂನ್ಯ_ಗಾಳಿ:
ಕೊನೆಯ ಮಾತು ಅರ್ಧ ಸರಿ. ಎರಡನೇ ಸಲ ಉರಿಯುವುದು ಇಲ್ಲ, ನಿಜ. ಆದರೆ ನಿರ್ವಾತದಲ್ಲಿ ಜ್ವಾಲೆ ಇನ್ನೂ ಅಗಲವಾಗಿ ಹರಡುತ್ತದೆ, ಕಾರಂಜಿ ಅಲ್ಲೂ ಏಳುತ್ತದೆ, ಧೂಳನ್ನೂ ಜೊತೆಗೆ ತರುತ್ತದೆ. ಹಾಗಾಗಿ ಇಲ್ಲಿ ಅಳೆದ ಬಿಸಿಯನ್ನು ಹಾಗೇ ಅಲ್ಲಿಗೆ ಒಯ್ಯಬೇಡಿ. ಟೆಸ್ಟ್‌ಗೆ ಹಾಕುವ ಹೊದಿಕೆ ಬಿಚ್ಚಿ ತೆಗೆಯುವಂತಿರಲಿ, ಇಲ್ಲದಿದ್ದರೆ ಸುಮ್ಮನೆ ತೂಕ ಹೊತ್ತುಕೊಂಡು ಹೋಗಬೇಕು.

ಹಳೇ_ಪ್ಯಾಡ್:
ಕೆಳಗೆ ಏನಿದೆ, ಬರಿ ಕಾಂಕ್ರೀಟಾ? ಹಾಗಿದ್ದರೆ ಜೋಪಾನ. ಒಳಗಿನ ತೇವ ಆವಿಯಾಗಿ, ಹೊರಬರಲು ದಾರಿ ಸಿಗದೆ ಮೇಲಿನ ಪದರವನ್ನೇ ಸಿಡಿಸುತ್ತದೆ. ಆ ಚೂರುಗಳೂ ಅದೇ ಕಾರಂಜಿಯಲ್ಲಿ ಮೇಲೆ ಬರುತ್ತವೆ. ಹುಲ್ಲಿದ್ದರೆ ಇನ್ನೊಂದು ಕಥೆ: ನಾಸಾದ ಮಾರ್ಫಿಯಸ್ ಲ್ಯಾಂಡರ್ ಕೂಡ ಮೀಥೇನ್‌ನದೇ, 2011ರ ಟೆಸ್ಟ್‌ನಲ್ಲಿ ಸುತ್ತಲಿನ ಹುಲ್ಲಿಗೆ ಬೆಂಕಿ ಹತ್ತಿತ್ತು. 2012ರಲ್ಲಿ ಬಿದ್ದು ಒಡೆದ ಮೇಲೆ, ಹೊಸದನ್ನು ಹಾರಿಸುವ ಜಾಗದಲ್ಲಿ ಜ್ವಾಲೆ ಹೋಗಲು ಕಾಲುವೆ ಮಾಡಿದರು. ಅದು ಮುಖ್ಯವಾಗಿ ಕಂಪನ ತಗ್ಗಿಸಲು. ಆದರೂ ಜ್ವಾಲೆಗೆ ಪಕ್ಕಕ್ಕೆ ದಾರಿ ಕೊಟ್ಟರೆ ಬಿಸಿಯೂ ಅಷ್ಟು ವಾಪಸ್ ಬರುವುದಿಲ್ಲ.

ಬೆಂಕಿಪೊಟ್ಟಣ:
ಕಾಂಕ್ರೀಟ್ ಮೇಲೆ ಉಕ್ಕಿನ ತಗಡು ಹಾಸಿದ್ದೇವೆ, ಅದು ಆಗಲೇ ಡೊಂಕಾಗಿದೆ. ಸರಿ, ವೈರ್‌ಗಳನ್ನು ಮೇಲಕ್ಕೆ ಒಯ್ಯುತ್ತೇವೆ. ಇನ್ನೊಂದು ಅನುಮಾನ: ವಾಲ್ವ್ ಹತ್ತಿರದ ಥರ್ಮೋಕಪಲ್ (ಬಿಸಿ ಅಳೆಯುವ ಸೆನ್ಸರ್) ಎಂಜಿನ್ ಆರಿದ ಮೇಲೇ ಜಾಸ್ತಿ ಬಿಸಿ ತೋರಿಸುತ್ತಿದೆ. ಕೆಟ್ಟಿದೆಯಾ?

ನಳಿಕೆ:
ಇಲ್ಲ, ಸರಿಯಾಗೇ ಇದೆ. ಎಂಜಿನ್ ಆರಿದಾಗ ಅದನ್ನು ತಂಪಾಗಿಡುತ್ತಿದ್ದ ಇಂಧನವೂ ನಿಲ್ಲುತ್ತದೆ ಅಲ್ವಾ, ಆಗ ನಾಜಲ್‌ನಲ್ಲಿ ಉಳಿದ ಬಿಸಿ ಲೋಹದ ಮೂಲಕ ನಿಧಾನವಾಗಿ ವಾಲ್ವ್‌ಗೆ ಏರುತ್ತದೆ. ಪೈಪ್‌ನಲ್ಲಿ ಉಳಿದ ಮೀಥೇನ್ ಕೂಡ ಹೊರಬಂದು ಸಣ್ಣಗೆ ಉರಿಯುತ್ತಾ ತಳವನ್ನು ಸವರುತ್ತಿರುತ್ತದೆ. ಆರಿಸಿದ ತಕ್ಷಣ ನೈಟ್ರೋಜನ್ ಬಿಟ್ಟು ಪೈಪ್ ಖಾಲಿ ಮಾಡಿ. ರೆಕಾರ್ಡಿಂಗ್ ಮಾತ್ರ ಬೇಗ ನಿಲ್ಲಿಸಬೇಡಿ.