ನಾಣ್ಯದ ದೋಷಗಳಿಗೆಲ್ಲ ‘ಅಚ್ಚುದೋಷ’ ಎನ್ನಬಹುದೇ?

ಪ್ರಶ್ನೆ: ನಾಣ್ಯಸಂಗ್ರಹದ ಬರಹಗಳಲ್ಲಿ ಟಂಕಸಾಲೆಯ ಎಲ್ಲ ತಪ್ಪುಗಳಿಗೂ ‘ಅಚ್ಚುದೋಷ’ ಎಂದೇ ಬರೆಯುತ್ತಾರೆ. ಅಂಚು ತುಂಡಾದ ನಾಣ್ಯಕ್ಕೂ ಅದೇ, ಅಕ್ಷರ ಎರಡೆರಡಾಗಿ ಕಾಣುವ ನಾಣ್ಯಕ್ಕೂ ಅದೇ. ಇದು ಸರಿಯೇ? ‘ಡಬಲ್ ಡೈ’ಗೆ ‘ಜೋಡಿ ಹೊಡೆತ’ ಆಗಬಹುದೇ?

ಉತ್ತರ: ಎರಡೂ ಬೇಡ. ಅಚ್ಚು ಎಂದರೆ ಡೈ, ನಾಣ್ಯದ ಮೇಲೆ ಚಿತ್ರ, ಅಕ್ಷರ ಒತ್ತುವ ಲೋಹದ ಉಪಕರಣ. ತಪ್ಪು ಅದರಲ್ಲೇ ಇದ್ದರೆ ಮಾತ್ರ ಅಚ್ಚುದೋಷ. ಮುದ್ರೆ ಬೀಳುವ ಮೊದಲಿನ ಲೋಹದ ತುಣುಕಿನಲ್ಲಿದ್ದರೆ ಬಿಲ್ಲೆದೋಷ. ಅಚ್ಚೂ ಬಿಲ್ಲೆಯೂ ಸರಿಯಿದ್ದು ಒತ್ತುವಾಗ ಎಡವಟ್ಟಾದರೆ ಹೊಡೆತದ ದೋಷ. ಅಚ್ಚಿನಲ್ಲಿರುವ ತಪ್ಪು ಆ ಅಚ್ಚಿನಿಂದ ಮುಂದೆ ಬಂದ ನಾಣ್ಯಗಳಲ್ಲೆಲ್ಲ ಅದೇ ಜಾಗದಲ್ಲಿ ಮರುಕಳಿಸುತ್ತದೆ. ಹೊಡೆತದ ದೋಷ ಸಾಮಾನ್ಯವಾಗಿ ಒಂದೊಂದು ನಾಣ್ಯಕ್ಕೆ ಒಂದೊಂದು ಬಗೆ.

‘ಜೋಡಿ ಹೊಡೆತ’ ಎಂದರೆ ಒಂದೇ ಬಿಲ್ಲೆಗೆ ಎರಡು ಸಲ ಒತ್ತು ಬಿದ್ದಿದೆ ಎಂದಾಗುತ್ತದೆ. ಅಂಥವು ಬೇರೆಯೇ ಇವೆ. ಎರಡನೆಯ ಹೊಡೆತ ಬಿದ್ದ ಕಡೆ ಮೊದಲಿನ ಚಿತ್ರ ಚಪ್ಪಟೆಯಾಗಿರುತ್ತದೆ. ಡಬಲ್ ಡೈಯಲ್ಲಿ ನಾಣ್ಯಕ್ಕೆ ಬಿದ್ದದ್ದು ಒಂದೇ ಹೊಡೆತ. ಅಚ್ಚು ತಯಾರಿಸುವಾಗ ಹಬ್ ಎಂಬ ಉಬ್ಬುಮಾದರಿಯನ್ನು ಅದರೊಳಕ್ಕೆ ಒಂದಕ್ಕಿಂತ ಹೆಚ್ಚು ಸಲ ಒತ್ತಿದಾಗ, ನಂತರದ ಒತ್ತು ತುಸು ತಿರುಗಿದರೆ ಅಚ್ಚಿನಲ್ಲೇ ಗೆರೆಗಳು ಇಮ್ಮಡಿಯಾಗುತ್ತವೆ. ಹಾಗಾಗಿ ‘ಇಮ್ಮಡಿ ಅಚ್ಚು’ ಸರಿಹೊಂದುತ್ತದೆ. 1955ರ ಅಮೆರಿಕದ ಒಂದು ಸೆಂಟ್ ಇದಕ್ಕೆ ಹೆಸರುವಾಸಿ. ಅದರ ಇಸವಿಯೂ ಬರಹವೂ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ.

ಇದರೊಂದಿಗೆ ಸದಾ ಕಲಸಿಹೋಗುವುದು ಯಂತ್ರದ ಅದುರಾಟ. ಸಡಿಲಗೊಂಡ ಅಚ್ಚು ಹೊಡೆತದ ಕೊನೆಯ ಕ್ಷಣದಲ್ಲಿ ಜಾರಿ ಅಕ್ಷರದ ಬದಿಯನ್ನು ಸವರಿಬಿಡುತ್ತದೆ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು, ಬೆಳಕನ್ನು ಓರೆಯಾಗಿ ಬೀಳಿಸಿ ನೋಡಿ. ಇಮ್ಮಡಿ ಅಚ್ಚಿನಲ್ಲಿ ಅಕ್ಷರ ದಪ್ಪಗಾಗಿ, ಎರಡೂ ರೂಪಗಳು ಉಬ್ಬಿಕೊಂಡು, ಮೂಲೆಗಳು ಕವಲೊಡೆದಿರುತ್ತವೆ. ಅದುರಾಟದಲ್ಲಿ ಅಕ್ಷರವೇ ತೆಳುವಾಗಿ ಪಕ್ಕದಲ್ಲಿ ತಗ್ಗಾದ ಚಪ್ಪಟೆ ಮೆಟ್ಟಿಲು ಉಳಿಯುತ್ತದೆ. ಸಂಗ್ರಾಹಕರು ಇದಕ್ಕೆ ಹೆಚ್ಚಿನ ಬೆಲೆ ಕೊಡುವುದಿಲ್ಲ; ಮಾರುವವರು ಮಾತ್ರ ‘ಡಬಲ್ ಡೈ’ ಎಂದೇ ಚೀಟಿ ಅಂಟಿಸುತ್ತಾರೆ.

ಅಂಚು ತುಂಡಾದದ್ದು ಬಿಲ್ಲೆದೋಷ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಪಂಚು ಹಿಂದಿನ ರಂಧ್ರದ ಮೇಲೆ ಬಿದ್ದರೆ ಬಾಗಿದ ಕಚ್ಚು ಉಂಟಾಗುತ್ತದೆ. ಅಂಚು ಎಬ್ಬಿಸುವ ಯಂತ್ರದಲ್ಲಿ ಕಚ್ಚಿನ ಕಡೆ ಒತ್ತಡ ಸಿಗದ್ದರಿಂದ ಸರಿಯಾಗಿ ಎದುರುಬದಿಯ ಅಂಚೂ ಮಂಕಾಗುತ್ತದೆ. ಆಮೇಲೆ ಅರದಿಂದ ಉಜ್ಜಿ ಮಾಡಿದ ಕಚ್ಚಿನಲ್ಲಿ ಈ ಗುರುತು ಇರದು. ಇದ್ದರೆ ಒಳ್ಳೆಯ ಸಾಕ್ಷಿ, ಆದರೆ ಅಸಲಿ ಕಚ್ಚುಗಳಲ್ಲೂ ಕೆಲವೊಮ್ಮೆ ಎದ್ದು ಕಾಣುವುದಿಲ್ಲ.

‘ಬಿರುಕು’ ಎಂದು ಬರೆಯುವಾಗಲೂ ಎಚ್ಚರ ಬೇಕು. ಅಚ್ಚು ಬಿರಿದರೆ ಲೋಹ ಆ ಸೀಳಿಗೆ ನುಗ್ಗುವುದರಿಂದ ನಾಣ್ಯದ ಮೇಲೆ ಕಾಣುವುದು ಉಬ್ಬುಗೆರೆ. ತಗ್ಗಾದ ಗೆರೆಯಿದ್ದರೆ ಅದು ಬಹುಪಾಲು ಆಮೇಲೆ ಬಿದ್ದ ಗೀರು. ಆದ್ದರಿಂದ ‘ನಾಣ್ಯದ ಬಿರುಕು’ ಬೇಡ, ‘ಅಚ್ಚುಬಿರುಕಿನ ಗೆರೆ’ ಎನ್ನಿ.