ಅಪ್ಪನಿಗೆ ಮಾರ್ಫಿನ್ ಬರೆದಿದ್ದಾರೆ, ಮನೆಯಲ್ಲಿ ಅಫೀಮು ಅಂತ ಬೇಡ ಅನ್ನುತ್ತಿದ್ದಾರೆ

ಹಾವೇರಿ ಮಗಳು:
ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಈಗ ಬೆನ್ನುಮೂಳೆಗೆ ಹಬ್ಬಿದೆ. ರಾತ್ರಿ ಮಗ್ಗುಲು ಬದಲಿಸಲಿಕ್ಕೂ ಆಗುವುದಿಲ್ಲ. ನಮಗೆ ಕೇಳಿಸಬಾರದೆಂದು ಗೋಡೆ ಕಡೆ ಮುಖ ಮಾಡಿ ಟವೆಲ್ ಕಚ್ಚಿಕೊಂಡು ಮಲಗುತ್ತಾರೆ. ಹೋದ ವಾರ ಡಾಕ್ಟರು ನಾಲ್ಕು ತಾಸಿಗೊಂದರಂತೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಊರಿನ ಮೂರು ಮೆಡಿಕಲ್ ಅಂಗಡಿಯಲ್ಲಿ ಇಲ್ಲ ಅಂದರು, ಕೊನೆಗೆ ಆಸ್ಪತ್ರೆಯಿಂದಲೇ ತಂದೆವು. ಸೋದರತ್ತೆ ಕೇಳಿದ್ದೇ ತಡ, "ಅಫೀಮು ತಿನ್ನಿಸಿ ನನ್ನ ತಮ್ಮನ್ನ ಮಬ್ಬು ಹಿಡಸ್ತೀರೇನು?" ಅಂತ ಅಳಲಿಕ್ಕೆ ಶುರು ಮಾಡಿದರು. ಅವ್ವ ಮಾತ್ರೆಗಳನ್ನು ದೇವರ ಕೋಣೆಯ ಗೂಡಿನಲ್ಲಿ ಇಟ್ಟುಬಿಟ್ಟಿದ್ದಾಳೆ. ಇದು ನಾವು ಪಾಯಸ ಮಾಡುವ ಗಸಗಸೆ ಗಿಡದ್ದೇ ಅಂತಲೂ ಓದಿದೆ. ಹೌದೇ? ಕೊಡಬಹುದೇ? ತಿಳಿದವರು ಹೇಳಿ.

ನಿವೃತ್ತ ಬ್ಯಾಂಕ್ ನೌಕರ, ಧಾರವಾಡ:
ತಂಗಿ, ನಾನು ನಾಲ್ಕು ವರ್ಷ ಅಫೀಮು ಬೆಳೆಯುವ ಸೀಮೆಯಾದ ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಕೆಲಸ ಮಾಡಿದವನು. ಔಷಧದ ಬಗ್ಗೆ ಬೇರೆಯವರು ಹೇಳಲಿ, ಗಿಡದ ಬಗ್ಗೆ ನಾನು ಹೇಳುತ್ತೇನೆ. ಹೌದು, ಗಸಗಸೆ, ಅಫೀಮು, ಮಾರ್ಫಿನ್ ಮೂರೂ ಒಂದೇ ಗಿಡದವು. ಕಾಯಿಯ ಗೋಡೆಯಿಂದ ಒಸರುವ ಹಾಲು ಅಫೀಮು. ಒಳಗಿನ ಬೀಜ ಗಸಗಸೆ. ಬೀಜದ ಮೈಗೆ ಆ ಹಾಲು ಒಂದಿಷ್ಟು ಅಂಟಿರಬಹುದು, ಅಷ್ಟೆ. ಅಷ್ಟಕ್ಕೇ ದುಬೈ, ಸಿಂಗಪುರದಲ್ಲಿ ಗಸಗಸೆ ನಿಷಿದ್ಧ. ಅಲ್ಲಿ ಮಕ್ಕಳಿರುವವರು ಪೊಟ್ಟಣ ಕಟ್ಟಿ ಕಳಿಸಬೇಡಿ.

ಅಕ್ಟೋಬರ್, ನವೆಂಬರಿನಲ್ಲಿ ಬಿತ್ತುತ್ತಾರೆ. ಜನವರಿ ಕಳೆಯುವ ಹೊತ್ತಿಗೆ ಹೊಲವೆಲ್ಲ ಬಿಳಿ ಹೂವು. ದಳ ಉದುರಿ ಕಾಯಿ ಬಲಿತ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ ಚೂಪು ಮೊನೆಗಳ ಪುಟ್ಟ ಸಲಕರಣೆಯಿಂದ ಕಾಯಿಗೆ ಗೀರು ಹಾಕುತ್ತಾರೆ. ಮೊದಲ ಗೀರಿಗೆ ಮುಂಚೆ ಹೊಲದಲ್ಲೇ ಕಾಳಿ ಪೂಜೆ. ರಾತ್ರಿ ಒಸರಿದ ಹಾಲು ಬೆಳಿಗ್ಗೆಗೆ ಕಂದು ಅಂಟಾಗಿರುತ್ತದೆ, ಮನೆಮಂದಿಯೆಲ್ಲ ಸೇರಿ ಕೆರೆದು ತೆಗೆಯುತ್ತಾರೆ. ಗಿಳಿಗಳ ಕಾಟಕ್ಕೆ ಹೊಲದ ಮೇಲೆ ಬಲೆ. ದಿನದ ತೂಕವನ್ನು ಬೆಳೆಗಾರರ ಮುಖಂಡನಾದ ಊರಿನ ಲಂಬರ್‌ದಾರ ಪುಸ್ತಕದಲ್ಲಿ ಬರೆಯುತ್ತಾನೆ. ಎಲ್ಲವನ್ನೂ ಸರ್ಕಾರಕ್ಕೇ ಒಪ್ಪಿಸಬೇಕು. ನೀಮಚ್ ಮತ್ತು ಘಾಜಿಪುರದಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ನಾನಿದ್ದಾಗ ಇಳುವರಿ ನಿಗದಿಗಿಂತ ಕಡಿಮೆಯಾದರೆ ಮರುವರ್ಷ ಪರವಾನಗಿ ಸಿಗುತ್ತಿರಲಿಲ್ಲ. ಆಲಿಕಲ್ಲು ಬಿದ್ದ ಒಂದು ವರ್ಷ ನಮ್ಮ ಶಾಖೆಗೆ ಬಂದ ರೈತ ಸಾಲದ ಕಂತಿನ ಮಾತೇ ಎತ್ತಲಿಲ್ಲ. ಪರವಾನಗಿ ಹೋಯಿತಲ್ಲ ಅಂತ ನನ್ನ ಮೇಜಿನ ಮುಂದೆ ಕೂತು ಅತ್ತ. ಅಷ್ಟು ಕಣ್ಗಾವಲಿನಲ್ಲಿ ಆ ಹಾಲು ತೆಗೆಯುವುದು ನಿಮ್ಮ ಅಪ್ಪನಂಥವರ ನೋವಿಗಾಗಿಯೇ. ಅದು ದೇವರ ಗೂಡಿನಲ್ಲಿ ಕೂತಿದೆ ಎಂದು ಓದಿ ನನಗೆ ಸಂಕಟವಾಯಿತು.

ನರ್ಸಕ್ಕ, ಹುಬ್ಬಳ್ಳಿ:
ಹನ್ನೊಂದು ವರ್ಷದಿಂದ ಇಂಥ ರೋಗಿಗಳ ಮನೆಗೇ ಹೋಗಿ ನೋಡಿಕೊಳ್ಳುತ್ತಿದ್ದೇನೆ. ನಿಮ್ಮ ಅತ್ತೆಯವರ ಮಾತು ಹತ್ತು ಮನೆಗೆ ಹೋದರೆ ಎಂಟು ಮನೆಯಲ್ಲಿ ಕೇಳುತ್ತೇನೆ, ಬೈಯಬೇಡಿ ಅವರನ್ನು. ಅವರು ಹೇಳುವ ಅಫೀಮು ಹಸಿ ಅಂಟು. ಒಂದು ಉಂಡೆಯ ಬಲ ಇನ್ನೊಂದಕ್ಕೆ ಇರುವುದಿಲ್ಲ. ಜರ್ಮನಿಯ ಸೆರ್ಟ್ಯುರ್ನರ್ ಎಂಬ ಔಷಧಿ ಅಂಗಡಿಯ ತರುಣ 1805ರ ಸುಮಾರಿಗೆ ಅದರಿಂದ ಮಾರ್ಫಿನ್ ಒಂದನ್ನೇ ಬೇರ್ಪಡಿಸಿದ. ಅದರಿಂದಲೇ ಇವತ್ತು ಮಿಲಿಗ್ರಾಂ ಲೆಕ್ಕದಲ್ಲಿ ಕೊಡಲಿಕ್ಕೆ ಆಗುತ್ತಿರುವುದು.

ನೋವು ಬಂದ ಮೇಲಲ್ಲ, ಗಡಿಯಾರ ನೋಡಿ ಕೊಡಿ. ಮೊದಲ ಎರಡು ಮೂರು ದಿನ ತೂಕಡಿಕೆ, ವಾಕರಿಕೆ ಇರಬಹುದು, ಸಾಮಾನ್ಯವಾಗಿ ಇಳಿಯುತ್ತದೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ. ಮಲ ಸಡಿಲಿಸುವ ಔಷಧವನ್ನೂ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಇವತ್ತೇ ಕೇಳಿ. ಮೂತ್ರಪಿಂಡದ ತೊಂದರೆ ಇದ್ದರೆ ತಪ್ಪದೆ ತಿಳಿಸಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ಆಸ್ಪತ್ರೆಗೆ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಮೈ ಅದಕ್ಕೆ ಒಗ್ಗಿರುತ್ತದೆ. ಒಗ್ಗುವುದು ಬೇರೆ, ಚಟ ಬೇರೆ. ಬೀಗ ಹಾಕಿ ಇಡಿ, ಆದರೆ ಬೀಗದ ಕೈ ಅವ್ವನ ಸೊಂಟದಲ್ಲಿರಲಿ.

ಅಂಗಡಿಯವರು ಇಲ್ಲ ಅಂದದ್ದಕ್ಕೂ ಹಿನ್ನೆಲೆ ಇದೆ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಹಲವು ಪರವಾನಗಿಗಳ ಗೋಜಲಿಗೆ ಹೆದರಿ ಆಸ್ಪತ್ರೆಗಳೇ ಮಾರ್ಫಿನ್ ಇಡುವುದನ್ನು ಬಿಟ್ಟವು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ಹೆದರಿಕೆ ಇನ್ನೂ ಸಡಿಲವಾಗಿಲ್ಲ.

ಆಯುರ್ವೇದ ವಿದ್ಯಾರ್ಥಿ:
ಒಂದು ಸೇರಿಸುತ್ತೇನೆ. ಚರಕ, ಸುಶ್ರುತರಲ್ಲಿ ಅಫೀಮು ಇಲ್ಲ. ನಂತರದ ವೈದ್ಯಗ್ರಂಥವಾದ ಶಾರ್ಙ್ಗಧರ ಸಂಹಿತೆಯಲ್ಲಿ ಭಂಗಿಯ ಜೊತೆ 'ಅಹಿಫೇನ' ಎಂದು ಬರುತ್ತದೆ, ಹಾವಿನ ನೊರೆ ಎಂಬ ಅರ್ಥದಲ್ಲಿ. ಮೂಲ ಹಾವಲ್ಲ; ಗ್ರೀಕಿನ 'ಓಪಿಯಾನ್' ಅರಬ್ಬಿಯಲ್ಲಿ 'ಅಫ್ಯೂನ್' ಆಗಿ ಇಲ್ಲಿಗೆ ಬಂತು. ಈಸ್ಟ್ ಇಂಡಿಯಾ ಕಂಪನಿ ಬಿಹಾರದ ರೈತರಿಗೆ ಮುಂಗಡ ಕೊಟ್ಟು ಬೆಳೆಸಿ, ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು, ಮಾಲು ಚೀನಾಕ್ಕೆ ಹೋಗುತ್ತಿತ್ತು. ಇದಕ್ಕಾಗಿ 1839ರಲ್ಲಿ ಬ್ರಿಟನ್ನಿಗೂ ಚೀನಾಕ್ಕೂ ಯುದ್ಧವೇ ಆಯಿತು. ಹೆಸರು ಕೇಳಿದರೆ ಹಿರಿಯರು ಬೆಚ್ಚುವುದು ಸುಮ್ಮನೆ ಅಲ್ಲ.

ಹಾವೇರಿ ಮಗಳು:
ಎಲ್ಲರಿಗೂ ಕೈಮುಗಿಯುತ್ತೇನೆ. ನರ್ಸಕ್ಕ ಬರೆದದ್ದನ್ನು ಅತ್ತೆಯ ಪಕ್ಕ ಕೂತು ಜೋರಾಗಿ ಓದಿದೆ. ಅವರೇ ಎದ್ದು ಹೋಗಿ ಗೂಡಿನಿಂದ ಮಾತ್ರೆ ತಂದರು. ಮೊನ್ನೆಯಿಂದ ಕೊಡುತ್ತಿದ್ದೇವೆ. ನಿನ್ನೆ ಅಪ್ಪ ತಾವಾಗಿ ಈ ಕಡೆ ಹೊರಳಿ, ಹೆಸರುಕಾಳು ಬಿಡಿಸುವುದು ಮುಗೀತಾ ಅಂತ ಕೇಳಿದರು. ಒಂದು ತಿಂಗಳಾಗಿತ್ತು ಹೊಲದ ಸುದ್ದಿ ಎತ್ತಿ. ಮಲ ಸಡಿಲಿಸುವ ಔಷಧ ಬರೆದಿರಲಿಲ್ಲ, ಕೇಳಿ ತಂದೆ. ನರ್ಸಕ್ಕ, ರಾತ್ರಿ ಎರಡು ಗಂಟೆಯ ಮಾತ್ರೆಗೆ ಎಬ್ಬಿಸಲೇಬೇಕಾ? ಒಳ್ಳೆ ನಿದ್ದೆಯಲ್ಲಿರುತ್ತಾರೆ.

ನರ್ಸಕ್ಕ, ಹುಬ್ಬಳ್ಳಿ:
ಮಲಗುವಾಗಿನ ಪ್ರಮಾಣ ಹೆಚ್ಚಿಸಿ ನಡುರಾತ್ರಿಯದನ್ನು ಬಿಡುವ ಪದ್ಧತಿ ಇದೆ. ಆದರೆ ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು. ನಾಳೆ ಬೆಳಿಗ್ಗೆ ಫೋನ್ ಮಾಡಿ ಕೇಳಿ, ಅಲ್ಲಿಯವರೆಗೆ ಬರೆದುಕೊಟ್ಟಂತೆಯೇ ಕೊಡಿ.