ಅತಿಥಿಗಳ ಸಣ್ಣ ಬಾತ್‌ರೂಮಿಗೆ ಬೂದು ಟೈಲ್: ಗುಂಪಿನ ಪ್ರಶ್ನೋತ್ತರ

ಡಿಸೈನರ್: ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮನೆ ಒಳಾಂಗಣದ ಕೆಲಸ ಮಾಡುತ್ತೇನೆ. ಇವತ್ತು ಬಾತ್‌ರೂಮ್ ಮಾತ್ರ. ದಯವಿಟ್ಟು ಉದ್ದ, ಅಗಲ ಬರೆದು ಕೇಳಿ.

ದಾವಣಗೆರೆ ಸದಸ್ಯೆ: ಮೇಡಂ, 4 ಅಡಿಗೆ 6 ಅಡಿ. ನೆಂಟರು ಬಂದಾಗ ಮಾತ್ರ ಬಳಕೆ. ನಾಲ್ಕೂ ಗೋಡೆಗೆ ಗಾಢ ಬೂದು ಹಾಕಿದರೆ ಗುಹೆ ಥರ ಕಾಣುತ್ತದಾ?

ಡಿಸೈನರ್: ಕಾಣುತ್ತದೆ. ಗೋಡೆಗೆ ತಿಳಿ ಬೂದು, ನೆಲಕ್ಕೆ ಅದಕ್ಕಿಂತ ಒಂದು ಶೇಡ್ ಗಾಢ, ಸೀಲಿಂಗ್ ಬಿಳಿ. ಗೋಡೆಗೆ 300x600 ಮಿ.ಮೀ. ಟೈಲನ್ನು ಅಡ್ಡಡ್ಡ ಹಾಕಿಸಿ. ಸಂದಿಗೆ ಟೈಲಿನದೇ ಬಣ್ಣದ ಗ್ರೌಟ್. ಬಿಳಿ ಗ್ರೌಟ್ ಹಾಕಿದರೆ ಗೋಡೆ ಚೌಕುಳಿ ಲುಂಗಿ ಆಗುತ್ತದೆ. ನೆಲಕ್ಕೆ 300x300 ಮ್ಯಾಟ್ ಸಾಕು. ದೊಡ್ಡ ಟೈಲಿಗೆ ಮೋರಿ ಕಡೆ ವಾಟ ಕೊಡುವುದು ಕಷ್ಟ. ನಾಲ್ಕು ಅಡಿಗೆ ಅರ್ಧ ಇಂಚಾದರೂ ಇಳಿಯಬೇಕು. ಇನ್ನೊಂದು ಮಾತು, ಬಲ್ಬು. 6500 ಕೆಲ್ವಿನ್ ಬಿಳಿ ಬಲ್ಬಿನ ಕೆಳಗೆ ಬೂದು ನೀಲಿಯಾಗಿ, ಆಸ್ಪತ್ರೆ ವಾರ್ಡಿನ ಹಾಗೆ ಕಾಣುತ್ತದೆ. 4000 ತನ್ನಿ. ಅಂಗಡಿಯಿಂದ ಒಂದು ಟೈಲ್ ತಂದು ಆ ಬೆಳಕಲ್ಲೇ ಇಟ್ಟು ನೋಡಿ.

ತುಮಕೂರು ಸದಸ್ಯ: ನಮ್ಮದು ಬೋರ್ ನೀರು. ಗಾಢ ಬೂದು ಇಷ್ಟ.

ಡಿಸೈನರ್: ಬೇಡ. ಮೂರೇ ತಿಂಗಳಲ್ಲಿ ವಿಭೂತಿ ಬಳಿದ ಹಾಗೆ ಬಿಳಿ ಕಲೆ ಕೂರುತ್ತದೆ. ತಿಳಿ ಬೂದಿನಲ್ಲಿ ಅಷ್ಟು ಎದ್ದು ಕಾಣಲ್ಲ. ಸ್ನಾನ ಆದ ಮೇಲೆ ಗೋಡೆಗೂ ವೈಪರ್ ಎಳೆಯಿರಿ.

ಬೆಂಗಳೂರು ಸದಸ್ಯ: ಕಲೆಗೆ ಸುಲಭ ಮದ್ದು, ವಾಟ್ಸಾಪಿನಲ್ಲಿ ಬಂದಿದ್ದು: ನಿಂಬೆರಸ, ಅಡುಗೆ ಸೋಡಾ, ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪೌಡರ್ ಎಲ್ಲ ಕಲಸಿ ರಾತ್ರಿ ಹಚ್ಚಿ ಬಿಡಿ. ಫಳಫಳ!

ಡಿಸೈನರ್: ಯಾರೂ ಮಾಡಬೇಡಿ. ಟಾಯ್ಲೆಟ್ ಕ್ಲೀನರಿನಲ್ಲಿ ಆಸಿಡ್ ಇರುತ್ತದೆ. ಅದಕ್ಕೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. 4x6ರ ಕೋಣೆಯಲ್ಲಿ ಅದನ್ನು ಉಸಿರಾಡಿದರೆ ಆಸ್ಪತ್ರೆಯೇ ಗತಿ. ನಿಂಬೆ, ಸೋಡಾ ಸೇರಿದರೆ ನೊರೆ ಬರುತ್ತದೆ, ಅಷ್ಟೇ. ಒಂದನ್ನೊಂದು ಕೆಡಿಸುತ್ತವೆ. ಆ ಮೆಸೇಜ್ ಅಳಿಸಿ.

ಬೆಂಗಳೂರು ಸದಸ್ಯ: ಸುಮ್ನೆ ಹಂಚಿದೆ ಅಷ್ಟೇ. ಇಷ್ಟು ಸಿಟ್ಟು ಯಾಕೆ?

ಕಲಬುರಗಿ ಸದಸ್ಯ: ಬೂದು ಬೂದು ಅಂತ ಈಗ ಕುಣೀತೀರಿ. ನಮ್ಮ ಕಡೆ ಶಹಾಬಾದ್ ಕಲ್ಲಿನ ಬಚ್ಚಲು ಅಜ್ಜನ ಕಾಲದಿಂದ ಬೂದೇ ಐತಿ. ಕಲ್ಲು ತೊಳೆಯಾಕ ಆಸಿಡ್ ಹಾಕಬಹುದಾ?

ಡಿಸೈನರ್: ಅದು ಸುಣ್ಣದ ಕಲ್ಲು ಸರ್. ಆಸಿಡ್ ಬಿದ್ದರೆ ನೊರೆ ಎದ್ದು ಕಲ್ಲೇ ಸವೆಯುತ್ತದೆ. ಸೋಪಿನ ನೀರು, ಗಟ್ಟಿ ಬ್ರಷ್, ಸಾಕು.

ಹಾಸನ ಸದಸ್ಯೆ: ಮೇಡಂ, 4x5 ಅಡಿ. ಗೋಡೆ ಪೂರ್ತಿ ಬೂದು ಟೈಲ್ ಬರಲಿ ಅಂತ ಗೀಸರ್ ಮೇಲಿನ ಸಣ್ಣ ಕಿಟಕಿ ಮುಚ್ಚಿಸಬೇಕು ಅಂತಿದ್ದೇವೆ. ಗ್ಯಾಸ್ ಗೀಸರ್ ಅಲ್ಲೇ ಇರುತ್ತೆ. ಹೋದ ವಾರ ಅಪ್ಪ ಸ್ನಾನ ಮಾಡಿ ಬಂದು ತಲೆ ಸುತ್ತುತ್ತೆ ಅಂದ್ರು. ಬಿಪಿ ಇರಬೇಕು. ಟೈಲ್ ತಿಳಿ ಬೂದಾ, ಸಿಮೆಂಟ್ ಬೂದಾ?

ಡಿಸೈನರ್: ಟೈಲ್ ಬಿಡಿ. ಮೊದಲು ಇದನ್ನು ಓದಿ. ಇವತ್ತಿನಿಂದ ಆ ಗೀಸರ್ ಹಚ್ಚಬೇಡಿ. ಗ್ಯಾಸ್ ಉರಿಯಲು ಗಾಳಿ ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಗಾಳಿ ಸಾಲದೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನು ಅದು ತಡೆಯುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಬಾಗಿಲು ತೆಗೆಯಲೂ ಕೈಕಾಲು ಬರುವುದಿಲ್ಲ. ಸ್ನಾನಕ್ಕೆ ಹೋದವರು ಒಳಗೇ ಸತ್ತ ಸುದ್ದಿ ಓದಿರುತ್ತೀರಿ. ಕಿಟಕಿ ಇದ್ದೂ ತಲೆ ಸುತ್ತಿದೆ ಎಂದರೆ ಮುಚ್ಚಿದ ಮೇಲೆ ಏನಾಗಬಹುದು, ಯೋಚಿಸಿ. ಬಿಪಿ ಅಂತ ನೀವೇ ತೀರ್ಮಾನಿಸಬೇಡಿ. ಡಾಕ್ಟರಿಗೆ ತೋರಿಸುವಾಗ ಗೀಸರಿನ ವಿಷಯವನ್ನೂ ಹೇಳಿ. ಗೀಸರ್ ಬಾತ್‌ರೂಮಿನ ಹೊರಗೆ, ಗಾಳಿ ಆಡುವ ಕಡೆ ಇರಬೇಕು. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕು ಅಂತ ಪ್ಲಂಬರ್ ಹೇಳಿದರೆ ಕೇಳಬೇಡಿ. ಕರೆಂಟಿನ ಗೀಸರ್ ಹಾಕಿಸುವುದಾದರೆ ಅರ್ಥಿಂಗ್ ಸರಿ ಇರಬೇಕು, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಬೇಕು. ಆಗಲೂ ಕಿಟಕಿ ಮುಚ್ಚಬೇಡಿ. ಓದಿದ್ದೇನೆ ಅಂತ ಒಂದು ಸಾಲು ಬರೆಯಿರಿ.

ಶಿವಮೊಗ್ಗ ಸದಸ್ಯ: 4x6ಕ್ಕೆ ಕನ್ನಡಿ ಎಷ್ಟು ದೊಡ್ಡದು ಇರಬೇಕು?

ಧಾರವಾಡ ಸದಸ್ಯ: ನೆಂಟರಿಗೆ ಇಂಡಿಯನ್ನೇ ಚಲೋ. ಕಮೋಡ್ ಮೇಲೆ ಯಾರ್ಯಾರೋ ಕೂತಿರ್ತಾರ.

ದಾವಣಗೆರೆ ಸದಸ್ಯೆ: ನಮ್ಮತ್ತೆಗೆ ಮಂಡಿ ನೋವು. ಅವರು ಇಂಡಿಯನ್ನಿನಲ್ಲಿ ಕೂತು ಏಳುವುದು ಹೇಗೆ? ನೀವು ಬಂದು ಎಬ್ಬಿಸ್ತೀರಾ?

ಧಾರವಾಡ ಸದಸ್ಯ: ಅಕ್ಕಾರ, ನಿಮ್ಮತ್ತಿ ನೆಂಟರಲ್ಲ, ಮನೆಯವರು.

ದಾವಣಗೆರೆ ಸದಸ್ಯೆ: ಅವರು ಬರುವುದು ವರ್ಷಕ್ಕೆ ಎರಡು ಸಲ. ನಿಮಗೆ ನಮ್ಮ ಮನೆ ಲೆಕ್ಕ ಬೇಡ.

ಮಂಡ್ಯ ಸದಸ್ಯ: ಅದಿರ್ಲಿ. ಈಶಾನ್ಯದ ಬಾತ್‌ರೂಮಿಗೆ ಬೂದು ಬಣ್ಣ ದರಿದ್ರ ಅಂತಾರೆ. ಮೂಲೇಲಿ ಒಂದು ಬಟ್ಟಲು ಕಲ್ಲುಪ್ಪು ಇಟ್ರೆ ದೋಷವೂ ಹೋಗುತ್ತೆ, ತೇವವೂ ಹೋಗುತ್ತೆ.

ಡಿಸೈನರ್: ದೋಷದ ವಿಷಯ ನನ್ನದಲ್ಲ. ತೇವ ಹೋಗುವುದು ಕಿಟಕಿಯಿಂದ. ಉಪ್ಪು ನೀರಾಗಿ ಹರಿದು ನಲ್ಲಿಗೆ ತುಕ್ಕು ಹಿಡಿಸುತ್ತದೆ.

ಮಂಡ್ಯ ಸದಸ್ಯ: ನಮ್ಮ ಹಿರಿಯರೆಲ್ಲ ದಡ್ಡರಾ ಹಾಗಾದ್ರೆ?

ಕಲಬುರಗಿ ಸದಸ್ಯ: ಹಿರಿಯರು ಬಚ್ಚಲನ್ನ ಹಿತ್ತಲಾಗ ಕಟ್ಟಿದ್ರು ಮಾರಾಯ್ರ.

ಉಡುಪಿ ಸದಸ್ಯೆ: ಹಳೆ ಟೈಲ್ ಕೀಳದೆ ಮೇಲೆಯೇ ಬೂದು ಟೈಲ್ ಅಂಟಿಸಬಹುದಾ?

ಡಿಸೈನರ್: ಹಳೆಯದನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಕಿತ್ತು ಹಾಕಿ. ಗಟ್ಟಿ ಇದ್ದರೆ ಅಂಟಿಸಬಹುದು, ಸಿಮೆಂಟಿನಿಂದಲ್ಲ, ಟೈಲ್ ಅಡ್ಹೆಸಿವ್‌ನಿಂದ. ನೆಲ ಅರ್ಧ ಇಂಚು ಏರುತ್ತದೆ. ಬಾಗಿಲು ತಾಗುತ್ತದಾ ನೋಡಿಕೊಳ್ಳಿ. ಕೆಳಗಿನ ಮನೆಗೆ ನೀರು ಸೋರುತ್ತಿದ್ದರೆ ಈ ಯೋಚನೆಯೇ ಬೇಡ.

ಬಳ್ಳಾರಿ ಸದಸ್ಯ: ಗಾಢ ಬೂದು ಹಾಕಬಹುದಾ ಮೇಡಂ?

ಡಿಸೈನರ್: ಮೇಲೆ ಓದಿ.

ರಾಮನಗರ ಸದಸ್ಯೆ: ಬೋರ್ ನೀರಿಗೆ ಗಾಢ ಬೂದು ಆಗುತ್ತಾ?

ಡಿಸೈನರ್: ಇಲ್ಲ. ಮೇಲೆ ಓದಿ. ಹಾಸನದವರೇ, ಎಲ್ಲಿದ್ದೀರಿ? ಗೀಸರ್ ಆಫ್ ಆಯಿತಾ?

ಶಿವಮೊಗ್ಗ ಸದಸ್ಯ: ಕನ್ನಡಿ?

ಬೆಂಗಳೂರು ಸದಸ್ಯ: ಮೇಡಂಗೆ ಇಷ್ಟ ಬಂದವರಿಗೆ ಮಾತ್ರ ಉತ್ತರ ಅನಿಸುತ್ತೆ.

ಡಿಸೈನರ್: ಆ ಬ್ಲೀಚಿಂಗ್ ಪೌಡರ್ ಮೆಸೇಜ್ ಇನ್ನೂ ಹಾಗೇ ಇದೆ ಸರ್.

ಹಾಸನ ಸದಸ್ಯೆ: ಕ್ಷಮಿಸಿ ಮೇಡಂ, ಅಡುಗೆಮನೆಯಲ್ಲಿದ್ದೆ. ಸಿಲಿಂಡರ್ ಪೈಪನ್ನೇ ತೆಗೆಸಿದೆವು. ಸಂಜೆ ಅಪ್ಪನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಸ್ನಾನಕ್ಕೆ ಹಿತ್ತಲಿನ ಹಂಡೆ ನೀರು. ಟೈಲ್ ಮಾತ್ರ ಹೇಳಲೇ ಇಲ್ಲ ನೀವು.

ಡಿಸೈನರ್: ತಿಳಿ ಬೂದು. ಕಿಟಕಿ ಬಿಟ್ಟು ಮಿಕ್ಕ ಗೋಡೆಗೆ.